ಕೆಮ್ಮಿದರೆ ಮೂತ್ರ ಸೋರುತ್ತದೆ, ಫಿಸಿಯೋಥೆರಪಿ ಮಾಡಿಸಿ ಎಂದಿದ್ದಾರೆ: ಹೋಗುವ ಮುಂಚೆ ಏನೇನು ಗೊತ್ತಿರಬೇಕು?

ಪ್ರಶ್ನೆ: ನನಗೆ 44 ವರ್ಷ. ಹೊಸನಗರದ ಹತ್ತಿರ ಹಳ್ಳಿ, ಅಡಿಕೆ ತೋಟ, ಕೊಟ್ಟಿಗೆಯಲ್ಲಿ ಎರಡು ದನ ಇವೆ. ಎರಡೂ ನಾರ್ಮಲ್ ಹೆರಿಗೆ, ಎರಡನೆಯದಕ್ಕೆ ಹೊಲಿಗೆ ಬಿದ್ದಿತ್ತು. ಐದಾರು ವರ್ಷದಿಂದ ಕೆಮ್ಮಿದರೆ, ಸೀನಿದರೆ, ಹುಲ್ಲಿನ ಹೊರೆ ಎತ್ತಿದರೆ ಮೂತ್ರ ಸೋರುತ್ತದೆ. ಕಳೆದ ವರ್ಷದಿಂದ ಇನ್ನೊಂದು ಶುರುವಾಗಿದೆ. ಪಾತ್ರೆ ತೊಳೆಯಲು ನೀರಿಗೆ ಕೈ ಹಾಕಿದರೆ ಸಾಕು, ಓಡಬೇಕು. ಕೆಲವು ಸಲ ಬಚ್ಚಲು ಮುಟ್ಟುವುದರೊಳಗೆ ಆಗಿಹೋಗುತ್ತದೆ. ಶಿವಮೊಗ್ಗದಲ್ಲಿ ಸ್ತ್ರೀರೋಗ ತಜ್ಞರಿಗೆ ತೋರಿಸಿದೆ. ಆಪರೇಷನ್ ವಿಚಾರ ಆಮೇಲೆ, ಮೊದಲು ಮೂರು ತಿಂಗಳು ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ ಮಾಡಿಸಿ ಎಂದರು. ಒಳಗೆ ಪರೀಕ್ಷೆ ಮಾಡುತ್ತಾರಂತೆ, ನಿಜವಾ? ಗಂಡಸರು ಮಾಡುತ್ತಾರಾ? ಬಸ್ಸಲ್ಲಿ ಎರಡು ಗಂಟೆ ದಾರಿ, ದಿನಾ ಬರುವುದು ಆಗದ ಮಾತು. ನಮ್ಮನೆಯವರು "ವ್ಯಾಯಾಮಕ್ಕೆ ಯಾಕೆ ದುಡ್ಡು, ಮೊಬೈಲಲ್ಲಿ ನೋಡಿ ಮಾಡು" ಅನ್ನುತ್ತಾರೆ. ಅತ್ತೆ "ಹೆತ್ತವರಿಗೆಲ್ಲ ಇದ್ದದ್ದೇ" ಅನ್ನುತ್ತಾರೆ. ಅಡಿಕೆ ಕೆಲಸ ಮುಗಿದ ಮೇಲೆ ಶುರು ಮಾಡಿದರೆ ಆಗುತ್ತದಾ? ಇದನ್ನೆಲ್ಲ ಕೇಳಲು ಸಂಕೋಚ. ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ. ನಿಮ್ಮ ಯಜಮಾನರ ಮಾತಿನಿಂದಲೇ ಶುರು ಮಾಡುತ್ತೇನೆ. ಅವರು ಹೇಳುವುದರಲ್ಲಿ ಅರ್ಧ ಸರಿ ಇದೆ. ಈ ವ್ಯಾಯಾಮಕ್ಕೆ ಖರ್ಚಿಲ್ಲ. ಮಷಿನ್ ಬೇಡ, ಚಾಪೆ ಬೇಡ, ಬಸ್ಸಿನಲ್ಲಿ ಕೂತೇ ಮಾಡಬಹುದು. ನೀವು ದುಡ್ಡು ಕೊಡುವುದು ಬೇರೆ ಕೆಲಸಕ್ಕೆ. ಸರಿಯಾದ ಸ್ನಾಯುವೇ ಬಿಗಿಯುತ್ತಿದೆಯಾ ಅಂತ ತಿಳಿದವರೊಬ್ಬರು ಪರೀಕ್ಷಿಸಿ ಹೇಳುವುದಕ್ಕೆ. ಕೈಕಾಲಿನ ವ್ಯಾಯಾಮ ತಪ್ಪಿದರೆ ಕಣ್ಣಿಗೆ ಕಾಣುತ್ತದೆ. ಇದು ಕಾಣುವುದಿಲ್ಲ. 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 47 ಮಹಿಳೆಯರಿಗೆ ಬಾಯಿ ಮಾತಲ್ಲಿ ಮಾತ್ರ ಹೇಳಿಕೊಟ್ಟು, ಅವರು ಮಾಡಿದ್ದನ್ನು ಅಳೆದು ನೋಡಿದರು. ಚೆನ್ನಾಗಿ ಮಾಡಿದವರು ಹೆಚ್ಚುಕಡಿಮೆ ಅರ್ಧದಷ್ಟು ಜನ. ನಾಲ್ಕರಲ್ಲಿ ಒಬ್ಬರು ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ಮುಕ್ಕರಿಯುತ್ತಿದ್ದರು, ಅಂದರೆ ಸೋರುವುದು ಜಾಸ್ತಿ ಆಗುವ ಹಾಗೆ ಮಾಡುತ್ತಿದ್ದರು. ಮೊಬೈಲಲ್ಲಿ ನೋಡಿ ಆರು ತಿಂಗಳು ಮಾಡಿದೆ, ಏನೂ ಆಗಲಿಲ್ಲ ಅಂತ ಬರುವವರಲ್ಲಿ ಫಿಸಿಯೋಥೆರಪಿಸ್ಟ್ ಆದ ನಾನು ನೋಡುವುದೂ ಹೆಚ್ಚಾಗಿ ಇದನ್ನೇ. ಹೊಟ್ಟೆ ಬಿಗಿಯುತ್ತಾರೆ, ತೊಡೆ ಒತ್ತುತ್ತಾರೆ, ಉಸಿರು ಹಿಡಿಯುತ್ತಾರೆ. ಬಿಗಿಯಬೇಕಾದದ್ದು ಮಾತ್ರ ಸುಮ್ನೆ ಇರುತ್ತದೆ.

ಆ ಸ್ನಾಯು ಎಲ್ಲಿದೆ? ಸೊಂಟದ ಮೂಳೆಗಳ ಕೆಳಗೆ, ಮುಂದಿನ ಮೂಳೆಯಿಂದ ಹಿಂದೆ ಬಾಲದ ಮೂಳೆಯವರೆಗೆ ಜೋಲಿ ಕಟ್ಟಿದ ಹಾಗೆ ಒಂದು ಪದರ ಸ್ನಾಯು ಇದೆ. ಪೆಲ್ವಿಕ್ ಫ್ಲೋರ್ ಅನ್ನುವುದು ಇದನ್ನೇ. ಮೂತ್ರಚೀಲ, ಗರ್ಭಕೋಶ, ಮಲದ ಚೀಲ ಎಲ್ಲಕ್ಕೂ ಕೆಳಗಿನ ಆಧಾರ ಇದೇ. ಮೂತ್ರನಾಳ, ಯೋನಿ, ಗುದದ್ವಾರ ಇದರ ನಡುವೆಯೇ ಹಾದು ಬರುತ್ತವೆ. ಕೆಮ್ಮಿದಾಗ, ಭಾರ ಎತ್ತಿದಾಗ ಹೊಟ್ಟೆಯ ಒತ್ತಡ ಕೆಳಕ್ಕೆ ಬೀಳುತ್ತದೆ. ಸ್ನಾಯು ಗಟ್ಟಿ ಇದ್ದರೆ ಅದೇ ಹೊತ್ತಿಗೆ ಮೂತ್ರನಾಳವನ್ನು ಬಿಗಿಹಿಡಿಯುತ್ತದೆ. ಹೆರಿಗೆಯಲ್ಲಿ ಇದು ಬಹಳ ಹಿಗ್ಗುತ್ತದೆ, ಕೆಲವರಿಗೆ ಹರಿಯುವುದೂ ಉಂಟು. ಆಮೇಲೆ ವರ್ಷಗಟ್ಟಲೆ ಹೊರೆ ಹೊತ್ತರೆ, ಮಲಬದ್ಧತೆ ಇದ್ದರೆ, ತೂಕ ಏರಿದರೆ, ಕೆಮ್ಮು ನಿಲ್ಲದಿದ್ದರೆ ಇನ್ನಷ್ಟು ಸಡಿಲ ಆಗುತ್ತದೆ. ಇದಕ್ಕೆ ವ್ಯಾಯಾಮ ಮಾಡಿಸಬಹುದು ಅಂತ ವೈದ್ಯಲೋಕಕ್ಕೆ ಗಟ್ಟಿಯಾಗಿ ಹೇಳಿದವರು ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್, 1948ರಲ್ಲಿ. ಎಲ್ಲರ ಬಾಯಲ್ಲಿರುವ ಕೆಗೆಲ್ ವ್ಯಾಯಾಮ ಅವರದ್ದೇ. ಅವರು ಸುಮ್ನೆ "ಬಿಗಿಯಿರಿ" ಅಂತ ಹೇಳಿ ಕಳಿಸಿರಲಿಲ್ಲ. ಎಷ್ಟು ಬಿಗಿಯುತ್ತಿದೆ ಅಂತ ಅಳೆಯುವ ಸಾಧನವನ್ನೂ ಮಾಡಿಕೊಂಡಿದ್ದರು. ವ್ಯಾಯಾಮ ಊರೂರು ತಲುಪಿತು, ಪರೀಕ್ಷಿಸಿ ನೋಡುವ ಭಾಗ ದಾರಿಯಲ್ಲೇ ಉಳಿಯಿತು.

ಇನ್ನೊಂದು ವಿಷಯ. ನೀವು ಬರೆದಿರುವುದು ಎರಡು ಬೇರೆ ಬೇರೆ ತೊಂದರೆ. ಕೆಮ್ಮು, ಸೀನು, ಹೊರೆ, ಇವುಗಳಿಂದ ಸೋರುವುದು ಒತ್ತಡದಿಂದ. ಅದು ಆಧಾರದ ಸ್ನಾಯುವಿನ ದೋಷ. ನೀರಿಗೆ ಕೈ ಹಾಕಿದರೆ ಓಡಬೇಕಾಗುವುದು ಅವಸರದಿಂದ. ಅಲ್ಲಿ ಮೂತ್ರಚೀಲ ತುಂಬುವ ಮುಂಚೆಯೇ ಹಿಂಡಿಕೊಳ್ಳುತ್ತಿದೆ. ಎರಡೂ ಒಟ್ಟಿಗೆ ಇರುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಚಿಕಿತ್ಸೆ ಎರಡಕ್ಕೂ ಒಂದೇ ಅಲ್ಲ. ಮೊದಲನೆಯದಕ್ಕೆ ಸ್ನಾಯುವಿಗೆ ಬಲ ಬರಬೇಕು. ಎರಡನೆಯದಕ್ಕೆ ಅದರ ಜೊತೆಗೆ ಮೂತ್ರಚೀಲಕ್ಕೆ ತಾಳ್ಮೆ ಕಲಿಸಬೇಕು. ಹಾಗಾಗಿ ಹೋದ ಕೂಡಲೇ "ಕೆಮ್ಮಿದರೆ ಸೋರುತ್ತದೆ" ಅಂತ ಮಾತ್ರ ಹೇಳಿ ಬರಬೇಡಿ. ಎರಡನ್ನೂ ಹೇಳಿ. ಯಾವುದು ಜಾಸ್ತಿ ಕಷ್ಟ ಕೊಡುತ್ತದೆ ಅನ್ನುವುದನ್ನೂ ಹೇಳಿ.

ಹೋಗುವ ಮುಂಚೆ ಒಂದು ಯೂರಿನ್ ಟೆಸ್ಟ್ ಆಗಿದೆಯಾ ನೋಡಿಕೊಳ್ಳಿ. ಸೋಂಕು ಇದ್ದರೂ ಇದೇ ತರಹ ಅವಸರ ಆಗುತ್ತದೆ, ಅದಕ್ಕೆ ವ್ಯಾಯಾಮ ಮದ್ದಲ್ಲ. ರಕ್ತದ ಶುಗರ್ ಕೂಡ ನೋಡಿಸಿರಬೇಕು. ಶುಗರ್ ಜಾಸ್ತಿ ಇದ್ದರೆ ಮೂತ್ರವೇ ಜಾಸ್ತಿ ತಯಾರಾಗುತ್ತದೆ, ಮೂತ್ರಚೀಲವನ್ನು ಬೈದು ಪ್ರಯೋಜನವಿಲ್ಲ. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ಚೀಟಿ ಕಡ್ಡಾಯ ತನ್ನಿ. ಎನಾಲಪ್ರಿಲ್, ರಾಮಿಪ್ರಿಲ್ ತರಹದ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಹಿಡಿಯುತ್ತದೆ. ದಿನವಿಡೀ ಕೆಮ್ಮುತ್ತಾ ಇದ್ದರೆ ನಾನು ಎಷ್ಟು ಬಲ ತರಿಸಿದರೂ ಸೋರುತ್ತದೆ. ಪ್ರಜೋಸಿನ್ ತರಹದವು ಮೂತ್ರನಾಳದ ಬಿಗಿಯನ್ನೇ ಸಡಿಲ ಮಾಡುತ್ತವೆ. ಮೂತ್ರ ಹೆಚ್ಚಿಸುವ ಮಾತ್ರೆಗಳೂ ಇವೆ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಬೇರೆ ಮಾತ್ರೆ ಬರೆಯಬಹುದಾ ಅಂತ ವೈದ್ಯರನ್ನು ಕೇಳಿದರೆ ಆಯಿತು.

ಕೆಲವು ಲಕ್ಷಣ ಇದ್ದರೆ ಫಿಸಿಯೋಥೆರಪಿ ಹತ್ತಿರ ಬರುವುದೇ ಬೇಡ, ನೇರ ಆಸ್ಪತ್ರೆಗೆ ಹೋಗಬೇಕು. ಮೂತ್ರದಲ್ಲಿ ರಕ್ತ. ಮೂತ್ರ ಕಟ್ಟಿಕೊಂಡು ಬರದೇ ಇರುವುದು. ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಾಣುವುದು. ಚಳಿಜ್ವರದ ಜೊತೆ ಉರಿಮೂತ್ರ. ಹೆರಿಗೆ ಅಥವಾ ಆಪರೇಷನ್ ಆದ ಮೇಲೆ ಕೆಮ್ಮದೆ, ಅವಸರವೂ ಇಲ್ಲದೆ ಹಗಲೂ ರಾತ್ರಿ ಒಸರುತ್ತಲೇ ಇರುವುದು. ಇದೆಲ್ಲಕ್ಕಿಂತ ಅರ್ಜೆಂಟ್ ಇನ್ನೊಂದು: ಬೆನ್ನು ನೋವಿನ ಜೊತೆ ತೊಡೆಸಂದು, ಗುದದ ಸುತ್ತ ಮರಗಟ್ಟಿ, ಕಾಲಿನ ಬಲ ಕಡಿಮೆಯಾಗಿ, ಮೂತ್ರದ ಹಿಡಿತ ತಪ್ಪಿದರೆ ಅದು ಬೆನ್ನುಹುರಿಯ ಕೆಳಗಿನ ನರಗಳು ಒತ್ತಿಕೊಂಡಿರುವ ಸೂಚನೆ. ಆವತ್ತೇ ಹೊರಡಬೇಕು, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಆಗಲಿ ಇನ್ನೊಂದಾಗಲಿ, ತುರ್ತು ವಿಭಾಗಕ್ಕೆ. ನಿಮ್ಮ ಪತ್ರದಲ್ಲಿ ಇಂಥದ್ದು ಯಾವುದೂ ಇಲ್ಲ. ಆದರೆ ಇದನ್ನು ಓದುವ ಇನ್ಯಾರಿಗಾದರೂ ಇರಬಹುದು.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ಮೊದಲ ಭೇಟಿಗೆ ಮುಂಚೆ ಮೂರು ದಿನ ಲೆಕ್ಕ ಬರೆದಿಡಿ. ಮಕ್ಕಳ ಹಳೇ ನೋಟ್‌ಬುಕ್ ಸಾಕು. ಎಷ್ಟು ಹೊತ್ತಿಗೆ ಏನು ಕುಡಿದಿರಿ, ಎಷ್ಟು ಹೊತ್ತಿಗೆ ಒಂದಕ್ಕೆ ಹೋದಿರಿ, ಎಷ್ಟಾಯಿತು, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದಿರಿ. ಅಳೆಯಲು ಬಚ್ಚಲಲ್ಲಿ ಒಂದು ಹಳೆಯ ಪ್ಲಾಸ್ಟಿಕ್ ಜಗ್ ಇಡಿ, ಹೊರಗಡೆ ಅಳತೆಯ ಗೆರೆ ಹಾಕಿಕೊಳ್ಳಿ. ಬರೆದದ್ದು ಹೀಗಿರುತ್ತದೆ: "ಬೆಳಗ್ಗೆ 5.45, ಎದ್ದ ಕೂಡಲೇ, 350 ಎಂ.ಎಲ್. 6.00 ಕಾಫಿ ದೊಡ್ಡ ಲೋಟ. 6.40 ಕೊಟ್ಟಿಗೆ, ಹುಲ್ಲು ಎತ್ತುವಾಗ ಸ್ವಲ್ಪ ಸೋರಿತು. 7.15 ಪಾತ್ರೆ ತೊಳೆಯುವಾಗ ಅವಸರ, ಓಡಿದೆ, 80 ಎಂ.ಎಲ್." ಇಷ್ಟರಲ್ಲೇ ನನಗೆ ಬಹಳ ತಿಳಿಯುತ್ತದೆ. ಸಾಮಾನ್ಯವಾಗಿ ಮೂತ್ರಚೀಲ 300ರಿಂದ 500 ಎಂ.ಎಲ್. ಹಿಡಿಯುತ್ತದೆ. ಬೆಳಗ್ಗೆ 350 ಹಿಡಿದ ಚೀಲ ಏಳೂಕಾಲಿಗೆ 80ಕ್ಕೇ ಗಲಾಟೆ ಮಾಡಿದೆ. ಅಂದರೆ ಚೀಲ ಚಿಕ್ಕದಾಗಿಲ್ಲ, ಅದರ ಅಭ್ಯಾಸ ಕೆಟ್ಟಿದೆ. ಕಾಫಿ ಕುಡಿದು ಎಷ್ಟು ಹೊತ್ತಾಗಿತ್ತು ಅನ್ನುವುದೂ ಅಲ್ಲೇ ಇದೆ. ಬಾಯಲ್ಲಿ ಕೇಳಿದರೆ "ಪದೇ ಪದೇ ಆಗುತ್ತೆ" ಅನ್ನುವುದಷ್ಟೇ ಸಿಗುತ್ತದೆ. ಅದರಿಂದ ಚಿಕಿತ್ಸೆ ಶುರು ಮಾಡಲು ಆಗುವುದಿಲ್ಲ.

ಯಾರ ಹತ್ತಿರ ಹೋಗಬೇಕು? ಫಿಸಿಯೋಥೆರಪಿ ಪದವಿ ಅಂದರೆ ಬಿ.ಪಿ.ಟಿ., ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ ಓದಿದವರು ಈಗ ಕೆಲಸದಲ್ಲಿರುವ ಹೆಚ್ಚಿನವರು. ಆಮೇಲೆ ಎರಡು ವರ್ಷ ಎಂ.ಪಿ.ಟಿ. ಮಾಡಿ ಒಂದು ವಿಭಾಗದಲ್ಲಿ ಪಳಗುತ್ತಾರೆ. ಮೂಳೆ ಕೀಲು, ನರ, ಮಕ್ಕಳು, ಹೀಗೆ. ಅದರಲ್ಲಿ ಹೆರಿಗೆ ಮತ್ತು ಸ್ತ್ರೀರೋಗದ ವಿಭಾಗವೂ ಒಂದು. ಮಂಡಿ ನೋವಿಗೆ ಕೈಗುಣ ಇರುವವರು ಅಂತ ಊರಲ್ಲೆಲ್ಲ ಹೆಸರಿದ್ದ ಮಾತ್ರಕ್ಕೆ ಇದು ಬರುತ್ತದೆ ಅಂತಿಲ್ಲ. ಫೋನ್ ಮಾಡಿದಾಗಲೇ ನೇರವಾಗಿ ಕೇಳಿ: "ಪೆಲ್ವಿಕ್ ಫ್ಲೋರ್ ನೋಡುತ್ತೀರಾ? ಅದಕ್ಕೆ ಬೇರೆ ತರಬೇತಿ ಆಗಿದೆಯಾ? ಪರೀಕ್ಷೆ ಮಾಡುವವರು ಹೆಂಗಸರಾ? ಬಾಗಿಲು ಹಾಕುವ ಕೋಣೆ ಇದೆಯಾ, ಇಲ್ಲಾ ಪರದೆ ಮಾತ್ರವಾ?" ಈ ಕೊನೆಯದನ್ನು ಯಾರೂ ಕೇಳುವುದಿಲ್ಲ, ಬಂದ ಮೇಲೆ ಮುಜುಗರ ಪಡುತ್ತಾರೆ. ಹೆಂಗಸರೇ ಬೇಕು ಅಂತ ಹೇಳುವುದು ನಿಮ್ಮ ಹಕ್ಕು, ಅದಕ್ಕೆ ಕಾರಣ ಕೊಡಬೇಕಾಗಿಲ್ಲ. ಹಾಗೆಯೇ ಮೊದಲ ಫೋನಿನಲ್ಲೇ "ಇಪ್ಪತ್ತು ಸಿಟ್ಟಿಂಗ್ ಪ್ಯಾಕೇಜ್, ಮುಂಗಡ ಕಟ್ಟಿದರೆ ರಿಯಾಯಿತಿ" ಅಂದರೆ ಫೋನ್ ಇಡಿ. ನಿಮ್ಮನ್ನು ನೋಡದೆ ನಿಮಗೆ ಎಷ್ಟು ಸಿಟ್ಟಿಂಗ್ ಬೇಕು ಅಂತ ಹೇಳಲು ಬರುವುದಿಲ್ಲ.

ಒಳಗಿನ ಪರೀಕ್ಷೆಯ ಬಗ್ಗೆ ಹೇಳುತ್ತೇನೆ, ನಿಮ್ಮ ಭಯ ಅದೇ ಅಲ್ವಾ. ಹೌದು, ಸಾಮಾನ್ಯವಾಗಿ ಮಾಡುತ್ತೇವೆ. ಆದರೆ ಹೋದ ಕೂಡಲೇ ಮಂಚದ ಮೇಲೆ ಮಲಗಿಸುವುದಿಲ್ಲ. ಮೊದಲ ಭೇಟಿಯ ಹೆಚ್ಚಿನ ಸಮಯ ಮಾತಿಗೇ ಹೋಗುತ್ತದೆ. ಹೆರಿಗೆ ಹೇಗಾಯಿತು, ಮಗುವಿನ ತೂಕ ಎಷ್ಟಿತ್ತು, ಮಗುವನ್ನು ಎಳೆಯಲು ಫೋರ್ಸೆಪ್ಸ್ ಅಥವಾ ವ್ಯಾಕ್ಯೂಮ್ ಹಾಕಿದ್ದರಾ, ಹೊಲಿಗೆ ಎಲ್ಲಿಯವರೆಗೆ ಇತ್ತು, ಮಲಬದ್ಧತೆ ಇದೆಯಾ, ಕೆಳಗೆ ಏನೋ ಜಾರಿದ ಹಾಗೆ ಅನ್ನಿಸುತ್ತದಾ, ಗಂಡ ಹೆಂಡತಿ ಸೇರುವಾಗ ನೋವಿದೆಯಾ. ಕೊನೆಯ ಪ್ರಶ್ನೆಗೆ ಬಹಳ ಜನ "ಇಲ್ಲ" ಅಂತ ಹೇಳಿ, ಹೊರಡುವಾಗ ಬಾಗಿಲ ಹತ್ತಿರ ನಿಂತು "ಸ್ವಲ್ಪ ಇದೆ" ಅನ್ನುತ್ತಾರೆ. ಮೊದಲೇ ಹೇಳಿಬಿಡಿ, ಯಾಕೆ ಅಂತ ಮುಂದೆ ಬರೆದಿದ್ದೇನೆ. ಆಮೇಲೆ ಬೆನ್ನು, ಹೊಟ್ಟೆ, ಉಸಿರಾಟ ನೋಡುತ್ತೇವೆ. ನಂತರ ಪರೀಕ್ಷೆಯಲ್ಲಿ ಏನು ಮಾಡುತ್ತೇವೆ, ಯಾಕೆ ಅಂತ ಚಿತ್ರ ತೋರಿಸಿ ಹೇಳಿ, ನಿಮ್ಮ ಒಪ್ಪಿಗೆ ಕೇಳುತ್ತೇವೆ. ನೀವು ಮಲಗಿ ಮಂಡಿ ಮಡಚಿರುತ್ತೀರಿ, ಮೇಲೆ ಬಟ್ಟೆ ಹೊದಿಸಿರುತ್ತೇವೆ. ಮೊದಲು ಹೊರಗಿನಿಂದ ನೋಡಿ, ಕೆಮ್ಮಿ ಅನ್ನುತ್ತೇವೆ. ಆಮೇಲೆ ಗ್ಲೌಸ್ ಹಾಕಿ, ಜೆಲ್ ಹಚ್ಚಿ, ಒಂದು ಬೆರಳು. ಸ್ತ್ರೀರೋಗ ತಜ್ಞರು ಹಾಕುವ ಲೋಹದ ಸಾಧನ ಇಲ್ಲಿಲ್ಲ. "ಗ್ಯಾಸ್ ಹೋಗದ ಹಾಗೆ ತಡೆಯಿರಿ, ಹಾಗೇ ಮುಂದಕ್ಕೂ ಮೇಲಕ್ಕೂ ಎಳೆಯಿರಿ" ಅನ್ನುತ್ತೇವೆ. ಬೆರಳ ಸುತ್ತ ಬಿಗಿತ ಬರುತ್ತದಾ, ಒಳಕ್ಕೆ ಎಳೆದ ಹಾಗೆ ಆಗುತ್ತದಾ, ಎಡಕ್ಕೂ ಬಲಕ್ಕೂ ವ್ಯತ್ಯಾಸ ಇದೆಯಾ, ಎಷ್ಟು ಸೆಕೆಂಡ್ ಹಿಡಿಯುತ್ತೀರಿ, ಎಷ್ಟು ಸಲ ಆದ ಮೇಲೆ ಸುಸ್ತಾಗುತ್ತದೆ, ಬಿಟ್ಟಾಗ ಪೂರ್ತಿ ಸಡಿಲ ಆಗುತ್ತದಾ ಅಂತ ನೋಡುತ್ತೇವೆ. ಬಲಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತೇವೆ. ಕೆಲವೇ ನಿಮಿಷದ ಕೆಲಸ. ನೋವಾದರೆ ಅಲ್ಲೇ ನಿಲ್ಲಿಸುತ್ತೇವೆ.

ಬೇಡ ಅಂದರೆ? ಬೇಡ ಅಷ್ಟೇ. ಒಪ್ಪಿಗೆ ಕೊಟ್ಟು ಮಧ್ಯದಲ್ಲಿ "ಸಾಕು" ಅನ್ನಬಹುದು. ಮೊದಲ ದಿನ ಬೇಡ, ಎರಡನೇ ಸಲ ನೋಡೋಣ ಅನ್ನಬಹುದು. ಜೊತೆಗೆ ಅಕ್ಕನನ್ನೋ ಅತ್ತಿಗೆಯನ್ನೋ ಕೂರಿಸಿಕೊಳ್ಳಬಹುದು. ಒಳಗೆ ಮುಟ್ಟದೆ ಹೊರಗಿನಿಂದ ನೋಡಿ, ಇಲ್ಲವೇ ಹೊಟ್ಟೆಯ ಮೇಲೆ ಸ್ಕ್ಯಾನಿಂಗ್ ಇಟ್ಟು ಕೂಡ ಸ್ನಾಯು ಮೇಲೇಳುತ್ತದಾ ಅಂತ ತಿಳಿಯಬಹುದು. ಅಷ್ಟು ನಿಖರವಾಗಿ ಅಲ್ಲ, ಆದರೆ ಕೆಲಸಕ್ಕೆ ಬರುತ್ತದೆ. ಹೆರಿಗೆಯಾಗಿ ಆರು ವಾರ ಆಗದವರಿಗೆ, ಸೋಂಕು ಇರುವವರಿಗೆ ಒಳಗಿನ ಪರೀಕ್ಷೆ ಮಾಡುವುದೇ ಇಲ್ಲ. ಒಪ್ಪಿಗೆ ಕೇಳದೆ ಕೈ ಹಾಕುವವರ ಹತ್ತಿರ ಎರಡನೇ ಸಲ ಹೋಗಬೇಡಿ. ಅವರು ಎಷ್ಟು ಓದಿದ್ದರೂ ಸರಿಯೇ.

ಸೇರುವಾಗ ನೋವಿದೆಯಾ ಅಂತ ಯಾಕೆ ಕೇಳುತ್ತೇವೆ ಅಂದರೆ, ಕೆಲವರ ಸ್ನಾಯು ಸಡಿಲ ಆಗಿರುವುದೇ ಇಲ್ಲ. ಸದಾ ಬಿಗಿದುಕೊಂಡೇ ಇರುತ್ತದೆ. ಬಿಗಿದು ಬಿಗಿದು ಸೋತಿರುತ್ತದೆ, ಬೇಕಾದಾಗ ಕೆಲಸ ಮಾಡುವುದಿಲ್ಲ. ಅಂಥವರಿಗೆ ಕೆಗೆಲ್ ವ್ಯಾಯಾಮ ಹೇಳಿಕೊಟ್ಟರೆ ನೋವು ಹೆಚ್ಚುತ್ತದೆ. ಅವರು ಮೊದಲು ಸಡಿಲ ಬಿಡುವುದನ್ನು ಕಲಿಯಬೇಕು. ಮೊಬೈಲಿನ ವಿಡಿಯೋಗೆ ಇವರು ಯಾರು, ನೀವು ಯಾರು ಅಂತ ತಿಳಿಯುವುದಿಲ್ಲ. ನಿಮ್ಮ ಯಜಮಾನರಿಗೆ ಇದನ್ನೂ ಓದಿ ಹೇಳಿ.

ಪರೀಕ್ಷೆ ಆದ ಮೇಲೆ ಸಿಗುವ ವ್ಯಾಯಾಮ ನೋಡಿದರೆ "ಇಷ್ಟೇನಾ" ಅನ್ನಿಸಬಹುದು. ಸಾಮಾನ್ಯ ಲೆಕ್ಕ ಹೀಗೆ: ಒಂದು ಸಲಕ್ಕೆ ಕನಿಷ್ಠ ಎಂಟು ಬಿಗಿತ, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ನೀವು ನಾಲ್ಕು ಸೆಕೆಂಡ್ ಹಿಡಿಯಬಲ್ಲಿರಾದರೆ ನಾಲ್ಕರಿಂದಲೇ ಶುರು, ನಿಧಾನಕ್ಕೆ ಹತ್ತರವರೆಗೆ. ನಡುವೆ ಪೂರ್ತಿ ಸಡಿಲ ಬಿಡಬೇಕು. ಜೊತೆಗೆ ಬೇಗ ಬೇಗ ಬಿಗಿದು ಬಿಡುವುದೂ ಒಂದಷ್ಟು. ಮೊದಲು ಮಲಗಿ, ಆಮೇಲೆ ಕೂತು, ಆಮೇಲೆ ನಿಂತು, ಕೊನೆಗೆ ಕೆಲಸ ಮಾಡುತ್ತಾ. ಮೂತ್ರ ಹೋಗುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದರಿಂದ ಮೂತ್ರ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ನನಗೆ ಬಹಳ ಇಷ್ಟದ್ದು ಇನ್ನೊಂದು. ಕೆಮ್ಮು ಬರುತ್ತಿದೆ ಅಂತ ಗೊತ್ತಾದ ಕ್ಷಣ ಮೊದಲು ಬಿಗಿಯಿರಿ, ಬಿಗಿ ಹಿಡಿದೇ ಕೆಮ್ಮಿ, ಆಮೇಲೆ ಬಿಡಿ. ಹೊರೆ ಎತ್ತುವ ಮುಂಚೆಯೂ ಹಾಗೇ. ಇದಕ್ಕೆ ಬಲ ಬೆಳೆಯುವವರೆಗೆ ಕಾಯಬೇಕಾಗಿಲ್ಲ, ಸಮಯ ಸಾಧಿಸುವುದನ್ನು ಕಲಿತರೆ ಸಾಕು. ಕಲಿತ ಒಂದೇ ವಾರದಲ್ಲಿ ಕೆಮ್ಮಿದಾಗ ಸೋರುವುದು ಗಮನಕ್ಕೆ ಬರುವಷ್ಟು ಕಡಿಮೆಯಾಗಿದ್ದನ್ನು 1998ರ ಒಂದು ಅಧ್ಯಯನ ತೋರಿಸಿದೆ. ಅವಸರಕ್ಕೂ ಒಂದು ಉಪಾಯ ಇದೆ. ನೀರಿಗೆ ಕೈ ಹಾಕಿದಾಗ ಒತ್ತಿಕೊಂಡು ಬಂದರೆ ಓಡಬೇಡಿ. ನಿಂತಲ್ಲೇ ನಿಲ್ಲಿ, ಇಲ್ಲವೇ ಗಟ್ಟಿಯಾದ ಕಡೆ ಕೂರಿ. ಐದಾರು ಸಲ ಬೇಗ ಬೇಗ ಬಿಗಿದು ಬಿಡಿ. ಉಸಿರು ಹಿಡಿಯಬೇಡಿ. ಅವಸರ ಏರಿ, ಹಾಗೇ ಇಳಿಯುತ್ತದೆ. ಇಳಿದ ಮೇಲೆ ನಡೆದುಕೊಂಡು ಹೋಗಿ. ಶುರುವಿನಲ್ಲಿ ಒಂದೆರಡು ಸಲ ಸೋಲುತ್ತೀರಿ, ಪ್ಯಾಡ್ ಹಾಕಿಕೊಂಡಿರಿ. ಆಮೇಲೆ ಎರಡು ಸಲದ ನಡುವಿನ ಅಂತರವನ್ನು ಹತ್ತು ಹದಿನೈದು ನಿಮಿಷದಂತೆ ಹಿಗ್ಗಿಸುತ್ತಾ ಹೋಗುತ್ತೇವೆ. ಮೂತ್ರಚೀಲದ ಅಭ್ಯಾಸ ಬದಲಾಗಲು ಕನಿಷ್ಠ ಆರು ವಾರ ಕೊಡಬೇಕು.

ಮಷಿನ್ ಬಗ್ಗೆ ಒಂದು ಮಾತು. ಕರೆಂಟ್ ಕೊಡುವ ಯಂತ್ರ ಎಲ್ಲರಿಗೂ ಬೇಡ. ತಾನಾಗಿ ಬಿಗಿಯಲು ಬಾರದೇ ಇರುವವರಿಗೆ ಶುರುವಿನಲ್ಲಿ ಉಪಯೋಗ ಆಗಬಹುದು. ಗರ್ಭಿಣಿಯರಿಗೆ, ಪೇಸ್‌ಮೇಕರ್ ಇರುವವರಿಗೆ ಕೂಡದು. ಬಟ್ಟೆ ತೆಗೆಯುವುದೇ ಬೇಡ, ಕುರ್ಚಿ ಮೇಲೆ ಕೂತರೆ ಸಾಕು, ಅದೇ ವ್ಯಾಯಾಮ ಮಾಡಿಸುತ್ತದೆ ಅನ್ನುವ ಜಾಹೀರಾತುಗಳೂ ಬರುತ್ತವೆ. ಸಂಕೋಚ ಇರುವವರಿಗೆ ಅದು ಬೇಗ ಹಿಡಿಸುತ್ತದೆ. ಆದರೆ ಕುರ್ಚಿ ಮನೆಗೆ ಬರುವುದಿಲ್ಲ, ಕೆಮ್ಮು ಬರುತ್ತದೆ. ಕೆಮ್ಮಿಗೆ ಸರಿಯಾಗಿ ಬಿಗಿಯುವುದನ್ನು ನೀವೇ ಕಲಿಯಬೇಕು. ನನ್ನನ್ನು ಕೇಳಿದರೆ ಆ ದುಡ್ಡು ಉಳಿಸಿ.

ದಿನಾ ಬರಬೇಕಾ ಅಂತ ಕೇಳಿದ್ದೀರಿ. ಬೇಡ. ದಿನಾ ಮಾಡಬೇಕಾದವರು ನೀವು, ನಾವಲ್ಲ. ಮೊದಲ ಭೇಟಿ ಸುಮಾರು ಒಂದು ಗಂಟೆ. ಶುರುವಿನಲ್ಲಿ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಬಂದರೆ, ಆಮೇಲೆ ತಿಂಗಳಿಗೊಮ್ಮೆ ಸಾಕಾಗಬಹುದು. ನಡುವೆ ಫೋನಿನಲ್ಲಿ ಮಾತಾಡಿ ಲೆಕ್ಕ ನೋಡಬಹುದು. ದೂರದವರಿಗೆ ಹೀಗೆ ಹೊಂದಿಸಿಕೊಡಲು ಆಗುತ್ತದಾ ಅಂತ ಮೊದಲೇ ಕೇಳಿ. ಬಸ್ಸಿನ ದಿನ ನೀರು ಕುಡಿಯದೆ ಬರಬೇಡಿ. ರಿಪ್ಪನ್‌ಪೇಟೆಯಲ್ಲಿ ಇಳಿಯಲು ಆಗುವುದಿಲ್ಲ, ಆಯನೂರಲ್ಲಿ ಬಸ್ ನಿಲ್ಲುವುದು ಎರಡೇ ನಿಮಿಷ ಅಂತ ನಮ್ಮ ಹೆಂಗಸರು ಬೆಳಗಿನಿಂದ ಬಾಯಿ ಒಣಗಿಸಿಕೊಂಡು ಬರುತ್ತಾರೆ. ಮೂತ್ರ ಗಟ್ಟಿಯಾದರೆ ಚೀಲಕ್ಕೆ ಇನ್ನೂ ಕಿರಿಕಿರಿ, ಮಲವೂ ಗಟ್ಟಿ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಆಗಲಿ, ಸ್ವಲ್ಪ ಸ್ವಲ್ಪವಾಗಿ. ಬಸ್ ನಿಲ್ದಾಣದ ಶೌಚಾಲಯದಲ್ಲಿ ಗಲೀಜು ಅಂತ ಅರ್ಧ ಬಗ್ಗಿ ನಿಂತೇ ಮುಗಿಸುವುದೂ ಒಳ್ಳೆಯದಲ್ಲ, ಆಗ ಈ ಸ್ನಾಯು ಪೂರ್ತಿ ಸಡಿಲ ಆಗುವುದಿಲ್ಲ. ಕುಕ್ಕರುಗಾಲಲ್ಲಿ ಪೂರ್ತಿ ಕೂರಿ. ಎಲ್ಲಿಗಾದರೂ ಹೊರಡುವ ಮುಂಚೆ "ಯಾವುದಕ್ಕೂ ಇರಲಿ" ಅಂತ ಹೋಗುವ ಅಭ್ಯಾಸ ಬಹಳ ಜನಕ್ಕೆ ಇದೆ. ಅದನ್ನೂ ಕಡಿಮೆ ಮಾಡಿ, ಚೀಲ ಅರ್ಧಕ್ಕೇ ಕರೆಯುವುದನ್ನು ಕಲಿಯುವುದು ಹೀಗೆಯೇ.

ಕಾಫಿ, ಚಹಾ ಎರಡೂ ಅವಸರ ಹೆಚ್ಚಿಸಬಹುದು. ಮಲೆನಾಡಲ್ಲಿ ಮಳೆ ಹಿಡಿದ ದಿನ ಕಾಫಿ ಬಿಡಿ ಅಂತ ಹೇಳುವಷ್ಟು ಧೈರ್ಯ ನನಗಿಲ್ಲ. ದೊಡ್ಡ ಲೋಟವನ್ನು ಚಿಕ್ಕದು ಮಾಡಿ. ಎರಡನೇ ಸಲಕ್ಕೆ ಕೊತ್ತಂಬರಿ ಜೀರಿಗೆ ಕಷಾಯ ಮಾಡಿಕೊಳ್ಳಿ, ಅದರಲ್ಲಿ ಕೆಫೀನ್ ಇಲ್ಲ. ಎರಡು ವಾರ ಹಾಗೆ ಮಾಡಿ, ನಿಮ್ಮ ಲೆಕ್ಕದ ಪುಸ್ತಕದಲ್ಲಿ ವ್ಯತ್ಯಾಸ ಕಂಡರೆ ಮುಂದುವರಿಸಿ, ಕಾಣದಿದ್ದರೆ ಹಳೇ ಲೋಟಕ್ಕೇ ವಾಪಸ್ ಹೋಗಿ.

ನಿಮ್ಮ ಅತ್ತೆಯವರ ಮಾತು. ಹೆತ್ತವರಲ್ಲಿ ಇದು ಹೆಚ್ಚು ಅನ್ನುವುದು ನಿಜ. ಹೆಚ್ಚು ಜನಕ್ಕೆ ಇದೆ ಅಂದ ಮಾತ್ರಕ್ಕೆ ಸಹಿಸಿಕೊಳ್ಳಬೇಕು ಅಂತಿಲ್ಲ, ಕಣ್ಣಿನ ಪೊರೆಯನ್ನು ನಾವು ಹಾಗೇ ಬಿಡುತ್ತೇವಾ? ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಹಾಗೆ ಹೇಳುವ ಹಿರಿಯರಲ್ಲಿ ಅನೇಕರಿಗೆ ಅದೇ ತೊಂದರೆ ಇರುತ್ತದೆ, ವರ್ಷಗಳಿಂದ ಯಾರಿಗೂ ಹೇಳದೆ ಲಂಗ ಬದಲಿಸಿಕೊಂಡಿರುತ್ತಾರೆ. ಸಾಧ್ಯವಾದರೆ ಮೆಲ್ಲಗೆ ಕೇಳಿ ನೋಡಿ. ವಯಸ್ಸಾದವರಿಗೂ ಈ ಚಿಕಿತ್ಸೆ ಆಗುತ್ತದೆ. ಅಷ್ಟೇ ಅಲ್ಲ, ಪ್ರಾಸ್ಟೇಟ್ ಆಪರೇಷನ್ ಆದ ಗಂಡಸರಿಗೂ ಹೇಳಿಕೊಡುವುದು ಹೆಚ್ಚುಕಡಿಮೆ ಇದನ್ನೇ. ಬಾಣಂತನದ ವಿಷಯ ಬಂದರೆ ಮಾತ್ರ ಅತ್ತೆಯವರ ಜೊತೆ ಸ್ವಲ್ಪ ವಾದ ಮಾಡಿ. ಹೊಟ್ಟೆಗೆ ಸೀರೆ ಬಿಗಿದು ಕಟ್ಟಿದರೆ ಕೆಳಗಿನ ಸ್ನಾಯುವಿಗೆ ಬಲ ಬರುವುದಿಲ್ಲ. ತೀರಾ ಬಿಗಿದರೆ ಒತ್ತಡವೆಲ್ಲ ಕೆಳಕ್ಕೇ ಬೀಳುತ್ತದೆ. ಬಾಣಂತಿಗೆ ನೀರು ಕಡಿಮೆ ಕೊಟ್ಟರೆ ಮಲ ಗಟ್ಟಿಯಾಗಿ ಮುಕ್ಕರಿಯಬೇಕಾಗುತ್ತದೆ, ಹೊಲಿಗೆ ಇರುವ ಜಾಗಕ್ಕೆ ಅದು ಶಿಕ್ಷೆ. ನಿಮಗಂತೂ ಆ ಕಾಲ ಕಳೆಯಿತು, ಮಗಳಿಗೋ ಸೊಸೆಗೋ ನಾಳೆ ಬೇಕಾಗುತ್ತದೆ.

ಮೂರು ತಿಂಗಳಾದ ಮೇಲೆ ಏನಾಗಬಹುದು? ಆರರಿಂದ ಎಂಟು ವಾರದಲ್ಲಿ ಸಣ್ಣ ಬದಲಾವಣೆ ಕಾಣಿಸಬೇಕು. ದಿನಕ್ಕೆ ಮೂರು ಪ್ಯಾಡ್ ಒಂದಾಗುವುದು, ಸೀನಿದರೂ ಒದ್ದೆಯಾಗದ ಒಂದು ದಿನ, ರಾತ್ರಿ ಒಂದು ಸಲ ಕಡಿಮೆ ಏಳುವುದು. ಪೂರ್ತಿ ನಿಲ್ಲುವವರಿದ್ದಾರೆ, ಬಹಳ ಕಡಿಮೆಯಾಗಿ ಅದರಲ್ಲೇ ನೆಮ್ಮದಿಯಾಗಿರುವವರೂ ಇದ್ದಾರೆ. ಕೆಲವರಿಗೆ ಸಾಕಾಗುವುದಿಲ್ಲ. ಆಗ ಆಪರೇಷನ್ ಬಗ್ಗೆ ವೈದ್ಯರ ಜೊತೆ ಮಾತಾಡಬೇಕು. ಅಲ್ಲೂ ಒಂದು ಗೊತ್ತಿರಲಿ: ಮೂತ್ರನಾಳಕ್ಕೆ ಆಧಾರ ಕೊಡುವ ಆಪರೇಷನ್ ಕೆಮ್ಮಿದರೆ ಸೋರುವುದಕ್ಕೆ. ನೀರು ಮುಟ್ಟಿದರೆ ಓಡಬೇಕಾಗುವುದಕ್ಕೆ ಅದು ಉತ್ತರವಲ್ಲ. ಅವಸರಕ್ಕೆ ಬೇರೆ ಮಾತ್ರೆಗಳಿವೆ. ಗರ್ಭಕೋಶ ಜಾರಿದ್ದರೆ ಒಳಗೆ ಇಡುವ ರಿಂಗ್ ಇದೆ. ಫಿಸಿಯೋಥೆರಪಿಯ ಮೂರು ತಿಂಗಳ ಲೆಕ್ಕ ನಿಮ್ಮ ಕೈಯಲ್ಲಿದ್ದರೆ, ಎರಡರಲ್ಲಿ ಯಾವುದು ಉಳಿದಿದೆ ಅಂತ ವೈದ್ಯರಿಗೂ ಸ್ಪಷ್ಟ ಗೊತ್ತಾಗುತ್ತದೆ.

ಕೊನೆಯದು, ಅಡಿಕೆ ಕೆಲಸ. ಮುಗಿಯಲಿ ಅಂತ ಕಾಯಬೇಡಿ. ಅಡಿಕೆ ಗೊನೆ ಕೊಯ್ಲು ಶುರುವಾದರೆ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತೀರಿ, ಅದಾದ ಮೇಲೆ ಬೇಯಿಸಿದ ಅಡಿಕೆ ಬುಟ್ಟಿ ಎತ್ತಿ ಚಪ್ಪರಕ್ಕೆ ಹಾಕುತ್ತೀರಿ. ಬಿಗಿದು ಎತ್ತುವುದು ಅಷ್ಟರೊಳಗೆ ಅಭ್ಯಾಸವಾಗಿರಬೇಕು. ಸುಲಿಯುತ್ತಾ ಕೂತಾಗಲೇ ಒಂದು ಸಲದ ಎಂಟು ಬಿಗಿತ ಮುಗಿಸಬಹುದು, ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವುದಿಲ್ಲ. ಬುಟ್ಟಿ ಅರ್ಧ ತುಂಬಿಸಿ ಎರಡು ಸಲ ಎತ್ತಿ. ಎತ್ತುವಾಗ ಉಸಿರು ಬಿಡಿ, ಕಟ್ಟಬೇಡಿ. ಆ ತಿಂಗಳುಗಳಲ್ಲಿ ಶಿವಮೊಗ್ಗಕ್ಕೆ ಬರಲು ಆಗದಿದ್ದರೆ ಮೊದಲ ಎರಡು ಮೂರು ಭೇಟಿಯನ್ನು ಈಗಲೇ ಮುಗಿಸಿಕೊಳ್ಳಿ, ಉಳಿದದ್ದು ಫೋನಿನಲ್ಲಿ ನಡೆಯುತ್ತದೆ. ಬರುವ ದಿನ ಸಡಿಲವಾದ ಬಟ್ಟೆ, ಹೆರಿಗೆಯ ಹಳೇ ಕಾಗದ ಸಿಕ್ಕಿದರೆ ಅದು, ಮಾತ್ರೆ ಚೀಟಿ, ಮೂರು ದಿನದ ಲೆಕ್ಕ, ಒಂದು ಹೆಚ್ಚಿನ ಪ್ಯಾಡ್ ಇರಲಿ. ಮುಟ್ಟಿನ ದಿನ ಬಿದ್ದರೆ ಫೋನ್ ಮಾಡಿ ಮುಂದೂಡಿ, ಇಲ್ಲಾ ಬಂದು ಮಾತಾಡಿಕೊಂಡು ಹೋಗಿ, ಪರೀಕ್ಷೆ ಇನ್ನೊಂದು ದಿನ ಇಟ್ಟುಕೊಂಡರಾಯಿತು.